ಸ್ಟೆಪ್ನಿ ಇಳ್ಸಿ ನೋಡ್ದಾ?

“ಸ್ಟೆಪ್ನಿ ಇದೆ, ಆದರೆ ಕೆಳಕ್ಕೆ ಇಳೀತಿಲ್ಲ” ಎಂದು ನಾನು ಫೋನಿನಲ್ಲಿ ಹೇಳಿದ್ದು ಇಂಗ್ಲಿಷಿನಲ್ಲೇ. ಆ ಕಡೆಯ ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ಕೀಬೋರ್ಡಿನ ಟಕಟಕ ಸದ್ದು. “ಸರಿ, ಸ್ಟೆಪ್ನಿಯಲ್ಲಿದ್ದೀರಿ. ಲಂಡನ್, ಇ-1. ಯಾವ ಬೀದಿ ಹೇಳ್ತೀರಾ?”

ನಾವಿದ್ದದ್ದು ಲಂಡನ್ನಿನಿಂದ ಹತ್ತಿರಹತ್ತಿರ ಇನ್ನೂರು ಮೈಲಿ ದೂರದಲ್ಲಿ. ವೇಲ್ಸಿನ ಒಳನಾಡು, ಟವಿ ನದಿಯ ಕಣಿವೆ, ಲ್ಯಾಂಡವರಿ ದಾಟಿ ಲ್ಯಾಂಡೈಲೋ ಕಡೆಗೆ ಹೋಗುವ ಎ-40 ರಸ್ತೆಯ ಒಂದು ಲೇಬೈ, ಗಾಡಿ ನಿಲ್ಲಿಸಲು ಬಿಟ್ಟ ರಸ್ತೆಪಕ್ಕದ ಜಾಗ. 2021ರ ಆಗಸ್ಟ್ ತಿಂಗಳು, ಹೆಸರಿಗೆ ಬೇಸಿಗೆ. ಬೆಳಗಿನಿಂದ ಸೋನೆ ಹಿಡಿದಿತ್ತು. ನಮ್ಮ ಮೋಟರ್‌ಹೋಮಿನ ಹಿಂದಿನ ಎಡಚಕ್ರ ಅಪ್ಪಚ್ಚಿಯಾಗಿ ನೆಲಕ್ಕೆ ಕೂತಿತ್ತು. ಗಂಡ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಾಡಿಯ ಕೈಪಿಡಿ ಹಿಡಿದು ಇಪ್ಪತ್ತು ನಿಮಿಷದಿಂದ ಒಂದೇ ಪುಟವನ್ನು ಓದುತ್ತಿದ್ದರು. ಮಗಳು ಒಳಗೆ ಕೂತು, ವಾಲಿದ ಮೇಜಿನ ಮೇಲಿಂದ ಉರುಳಿ ಬೀಳುವ ಕಿತ್ತಳೆಹಣ್ಣುಗಳನ್ನು ಹಿಡಿದು ಮತ್ತೆ ಮೇಲಿಡುವ ಆಟ ಕಂಡುಕೊಂಡಿದ್ದಳು.

ಸ್ಟೆಪ್ನಿ ಅನ್ನುವುದು ಅಪ್ಪಟ ಇಂಗ್ಲಿಷ್ ಪದ, ಇಂಗ್ಲಿಷರೇ ನಮಗೆ ಕೊಟ್ಟು ಹೋದದ್ದು ಎಂದು ನಾನು ನಲವತ್ತೈದು ವರ್ಷ ನಂಬಿದ್ದೆ. ಇಂಗ್ಲೆಂಡಿಗೆ ನರ್ಸಾಗಿ ಬಂದು ಹದಿನೇಳು ವರ್ಷವಾಗಿದ್ದರೂ ಆ ಪದವನ್ನು ಬಾಯಿಬಿಟ್ಟು ಹೇಳುವ ಪ್ರಸಂಗ ಬಂದಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಪ್ಪನ ಮಾತು. ಅಪ್ಪ ಲಾರಿ ಡ್ರೈವರು. ಅವರ ಮಾತೆಲ್ಲ ಜಾಕಿ, ಪಾನಾ, ಫ್ಲ್ಯಾಪು, ಸ್ಟೆಪ್ನಿ.

ಆ ಗಾಡಿ ನಮ್ಮ ಮನೆಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ಕೋವಿಡ್ ವಾರ್ಡಿನಲ್ಲಿ ಒಂದು ವರ್ಷ ಕಳೆದ ಮೇಲೆ ನನಗೆ ಹೋಟೆಲು, ಲಿಫ್ಟು, ಬೇರೆಯವರು ಮಲಗಿದ ಹಾಸಿಗೆ ಯಾವುದೂ ಬೇಡವಾಗಿತ್ತು. ಹಾಗಾಗಿ ಕೂಡಿಟ್ಟ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ 2008ರ ಒಂದು ಫಿಯಟ್ ಡುಕಾಟೊ ಮೋಟರ್‌ಹೋಮ್ ಕೊಂಡೆವು. ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ. ಮಾರಿದವರು ವಯಸ್ಸಾದ ದಂಪತಿ. ಪರದೆಯ ಬಟ್ಟೆಗೂ ಇಸ್ತ್ರಿ ಹಾಕಿ ಇಟ್ಟುಕೊಂಡಿದ್ದ ಜನ. ಆ ಯಜಮಾನರು ಗ್ಯಾಸು, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲವನ್ನೂ ಎರಡು ತಾಸು ವಿವರಿಸಿದರು. ಕೊನೆಗೆ ಹಿಂದುಗಡೆ ಬಗ್ಗಿ, ಗಾಡಿಯ ಹೊಟ್ಟೆಯಡಿ ಬೆರಳು ತೋರಿಸಿ, “ಚಕ್ರವೊಂದು ಅಲ್ಲಿದೆ. ದೇವರ ದಯೆ, ನಮಗೆ ಒಂದು ದಿನವೂ ಬೇಕಾಗಲಿಲ್ಲ” ಎಂದರು. ನಾವೂ ಬಗ್ಗಿ ನೋಡಿದೆವು. ಕಪ್ಪಗೆ, ದುಂಡಗೆ ಏನೋ ಇತ್ತು. ಸಮಾಧಾನವಾಯಿತು.

ನನ್ನ ಅಪ್ಪನ ಮಗಳಾಗಿ ನಾನು ಅಷ್ಟಕ್ಕೇ ಸಮಾಧಾನ ಪಡಬಾರದಿತ್ತು.

ನಮ್ಮದು ತಿಪಟೂರು. ಅಪ್ಪ ಓಡಿಸುತ್ತಿದ್ದದ್ದು ಮಂಡಿ ಸಾಹುಕಾರರೊಬ್ಬರ ಟಾಟಾ 1210. ಉಂಡೆಕೊಬ್ಬರಿ ತುಂಬಿಕೊಂಡು ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಮೇಲೆ ಹಿರಿಯೂರಿಗೆ ಹೋಗಿ ಅಲ್ಲಿ ಪೂನಾ ರಸ್ತೆ ಹಿಡಿಯುವುದು. ಉತ್ತರದವರಿಗೆ ನಮ್ಮೂರಿನ ಕೊಬ್ಬರಿಯೇ ಬೇಕು, ಹಬ್ಬಕ್ಕೂ ಬೇಕು, ಮದುವೆಗೂ ಬೇಕು. ಅಪ್ಪ ಮನೆ ಬಿಡುವ ಹೊತ್ತಿಗೆ ಕ್ಲೀನರ್ ಹುಡುಗ ಒಂದು ಕಬ್ಬಿಣದ ರಾಡು ಹಿಡಿದು ಆರು ಟೈರಿಗೂ ಒಂದೊಂದೇಟು ಹಾಕಿಕೊಂಡು ಸುತ್ತು ಬರುತ್ತಿದ್ದ. ಗಾಳಿ ಸರಿಯಿದ್ದರೆ ರಾಡು ಠಣ್ಣೆಂದು ಪುಟಿಯುತ್ತದೆ, ಕಮ್ಮಿಯಿದ್ದರೆ ಡಬ್ಬೆಂದು ಅಲ್ಲೇ ಕೂರುತ್ತದೆ. ಅಪ್ಪ ಬಾಗಿಲಲ್ಲಿ ಕಾಫಿ ಕುಡಿಯುತ್ತಲೇ ಆ ಸದ್ದು ಎಣಿಸುತ್ತಿದ್ದರು. ಆರಾದ ಮೇಲೂ ಲೋಟ ಕೆಳಗಿಡುತ್ತಿರಲಿಲ್ಲ. ಏಳನೆಯದು ಕೇಳಿಸಬೇಕು. ಲಾರಿಯ ಹಿಂದೆ, ಚಾಸಿಯ ಅಡಿಯಲ್ಲಿ ತೂಗುಬಿಟ್ಟ ಸ್ಟೆಪ್ನಿಯ ಸದ್ದು.

ಮೊದಲಿನಿಂದ ಅವರು ಹಾಗಿರಲಿಲ್ಲವಂತೆ. ಹಾಗಾದದ್ದು ಒಂದು ರಾತ್ರಿಯ ಮೇಲೆ. ಆ ರಾತ್ರಿಯ ಅರ್ಧ ಕತೆ ನನಗೆ ಕಣ್ಣಾರೆ ಗೊತ್ತು, ಇನ್ನರ್ಧ ಕೇಳಿದ್ದು.

ಆಗ ಲಾರಿಗಳ ಸ್ಟೆಪ್ನಿ ಕದಿಯುವವರ ಕಾಟ. ಢಾಬಾದ ಮುಂದೆ ಗಾಡಿ ನಿಲ್ಲಿಸಿ ಊಟ ಮಾಡಿ ಬರುವಷ್ಟರಲ್ಲಿ ಮಾಯ. ರಿಮ್ಮು ಸೇರಿದರೆ ಆ ಟೈರು ಎಂಬತ್ತು ಕೆಜಿಗೆ ಕಮ್ಮಿಯಿಲ್ಲ, ಆದರೂ ಹೊತ್ತೊಯ್ಯುತ್ತಿದ್ದರು. ಅದಕ್ಕೆ ಸಾಹುಕಾರರು ಸರಪಳಿ ಸುತ್ತಿಸಿ ಅಂಗೈಯಗಲದ ಬೀಗ ಜಡಿಸಿದರು. ಕೀ ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಖಾಕಿ ಶರ್ಟಿನ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು ಸ್ನಾನ ಮಾಡಿ ಬೇರೆ ಶರ್ಟು ತೊಟ್ಟು ಹೊರಟರು.

ಮಾರನೆಯ ದಿನ ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಖಾಕಿ ಶರ್ಟು ಕಲ್ಲಿನ ಮೇಲೆ ಬಿದ್ದಾಗ ಠಣ್ಣೆಂದಿತು. ನಾನು ಪಕ್ಕದಲ್ಲೇ ನೀರು ಎರಚಾಡುತ್ತ ಕೂತಿದ್ದೆ, ಏಳು ವರ್ಷವಿರಬೇಕು. ಅವ್ವ ಜೇಬಿನಿಂದ ಕೀ ತೆಗೆದು, ಸೋಪಿನ ನೊರೆ ಒರೆಸಿ, ಅದನ್ನೇ ನೋಡುತ್ತ ನಿಂತುಬಿಟ್ಟಳು. ಯಾವುದರ ಕೀ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಿಕಳಿಸಲು ಫೋನೆಲ್ಲಿತ್ತು? ದೇವರ ಗೂಡಿನ ಪಕ್ಕದ ಮೊಳೆಗೆ ಆ ಕೀ ಸಿಕ್ಕಿಸಿ, ಊದುಕಡ್ಡಿ ಹಚ್ಚಿದಾಗಲೆಲ್ಲ ಅದಕ್ಕೂ ಒಂದು ಸುತ್ತು ತೋರಿಸುತ್ತಿದ್ದಳು.

ಅಷ್ಟು ಹೊತ್ತಿಗಾಗಲೇ ಹುಳಿಯಾರು–ಹಿರಿಯೂರು ನಡುವಿನ ಬಯಲಿನಲ್ಲಿ ಅಪ್ಪನ ಒಂದು ರಾತ್ರಿ ಮುಗಿದಿತ್ತು. ಹಿಂದಿನ ಒಳಟೈರು ಸಿಡಿದು, ಸ್ಟೆಪ್ನಿಗೆ ಕೈಹಾಕಿ, ಜೇಬು ಮುಟ್ಟಿ ನೋಡಿಕೊಂಡಾಗ ಹತ್ತು ಗಂಟೆ. ಬೀಗ ಒಳ್ಳೆಯ ಬೀಗ, ಏನು ಮಾಡಿದರೂ ಜಗ್ಗಲಿಲ್ಲ. ಕೊಬ್ಬರಿಯ ಮೇಲೆ ಕ್ಲೀನರನ್ನು ಮಲಗಿಸಿ ತಾವು ಕೆಳಗೆ ಬೆಳಗಿನ ತನಕ ಕಾವಲು ಕೂತರು. ಮುಂಜಾನೆ ಬಂದ ಇನ್ನೊಂದು ಲಾರಿಯವರು ಇಬ್ಬರು ಸೇರಿ ಜಾಕಿ ರಾಡು ಹಾಕಿ ಮೀಟಿ ಸರಪಳಿಯನ್ನೇ ಹರಿದುಕೊಟ್ಟರಂತೆ. “ಕಳ್ಳ ಬಂದಿದ್ರೆ ಎರಡು ನಿಮಿಷದಲ್ಲಿ ಬಿಚ್ತಿದ್ದ” ಎನ್ನುವುದು ಅಪ್ಪ ಈ ಕತೆಗೆ ಕೊನೆಯಲ್ಲಿ ಸೇರಿಸುವ ಮಾತು.

ಅಲ್ಲಿಂದಾಚೆಗೆ ಕೀ ಅಪ್ಪನ ಉಡಿದಾರಕ್ಕೆ ಏರಿತು. ತಿಂಗಳಿಗೊಂದು ಸಲ ಸ್ಟೆಪ್ನಿ ಇಳಿಸುವುದು ಮನೆಯ ಕೆಲಸಗಳಲ್ಲಿ ಒಂದಾಯಿತು. ನಾನು ಟಾರ್ಚು ಹಿಡಿಯಬೇಕು, ತಮ್ಮ ಗ್ರೀಸಿನ ಡಬ್ಬ ಹಿಡಿಯಬೇಕು. ಬೋಲ್ಟು ಬಿಚ್ಚುವುದು ಗಂಡುಮಕ್ಕಳ ಕೆಲಸವೆಂದು ತಮ್ಮನಿಗೆ ಒಂದು ವಯಸ್ಸಿನ ಮೇಲೆ ಪಾನಾ ಸಿಕ್ಕಿತು, ನನ್ನ ಕೈಯಲ್ಲಿ ಟಾರ್ಚೇ ಉಳಿಯಿತು. (ಆ ತಮ್ಮ ಈಗ ಬ್ಯಾಂಕಿನಲ್ಲಿದ್ದಾನೆ, ಸ್ಕೂಟರ್ ಪಂಚರಾದರೂ ಆಟೊ ಹತ್ತುತ್ತಾನೆ.) ಆಯುಧಪೂಜೆಯ ದಿನ ಎಲ್ಲ ಲಾರಿಗಳಿಗೂ ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಅಪ್ಪನ ಲಾರಿಯಲ್ಲಿ ಮಾತ್ರ ಸ್ಟೆಪ್ನಿಯನ್ನೂ ಕೆಳಗಿಳಿಸಿ, ತೊಳೆದು, ಗೋಡೆಗೆ ಒರಗಿಸಿ ಅರಿಸಿನ ಕುಂಕುಮ ಇಡುತ್ತಿದ್ದರು. ಅದು ಭಕ್ತಿಯೋ ತಪಾಸಣೆಯೋ ನನಗೆ ಇವತ್ತಿಗೂ ಬೇರೆ ಮಾಡಲು ಬರುವುದಿಲ್ಲ.

ಲೇಬೈಗೆ ವಾಪಸು ಬರುತ್ತೇನೆ.

ಹಿಂದಿನ ಟೈರಿನ ಪಕ್ಕದ ಗೋಡೆಯೇ ಬೆರಳುದ್ದ ಸೀಳಿತ್ತು. ಒಳಗೊಂದು ಡಬ್ಬಿಯಲ್ಲಿ ಪಂಚರಿಗೆ ತುಂಬುವ ಅಂಟಿನ ದ್ರಾವಣ, ಸಣ್ಣ ಗಾಳಿಪಂಪು ಇತ್ತು. ಅದು ಮೊಳೆ ಚುಚ್ಚಿದ ತೂತಿಗೆ ಆದೀತು, ಸೀಳಿದ ಗೋಡೆಗೆ ಆಗದು. ಸರಿ, ಸ್ಟೆಪ್ನಿ. ಡುಕಾಟೊದಲ್ಲಿ ಅದು ಹಿಂಭಾಗದ ಅಡಿಯಲ್ಲಿ ಉಕ್ಕಿನ ಹಗ್ಗವೊಂದಕ್ಕೆ ನೇತುಬಿದ್ದಿರುತ್ತದೆ, ಬಾವಿಯ ಕೊಡದ ಹಾಗೆ. ಹಿಂದಿನ ಬಂಪರಿನ ಹತ್ತಿರ ಒಂದು ತೂತು; ಅದರೊಳಗೆ ಸರಳು ತೂರಿಸಿ ತಿರುಗಿಸಿದರೆ ರಾಟೆ ತಿರುಗಿ ಹಗ್ಗ ಸಡಿಲಾಗಿ ಚಕ್ರ ಕೆಳಗಿಳಿಯುತ್ತದೆ. ಕೈಪಿಡಿಯ ಚಿತ್ರದಲ್ಲಿ ಒಂದು ಮುದ್ದಾದ ಕೈ ಅದನ್ನು ತಿರುಗಿಸುತ್ತಿತ್ತು.

ಸರಳು ಎಲ್ಲಿ? ಪ್ಯಾಸೆಂಜರ್ ಸೀಟಿನ ಅಡಿಯ ಪೆಟ್ಟಿಗೆಯಲ್ಲಿ. ಆ ಸೀಟು ಹಿಂದಕ್ಕೆ ತಿರುಗುವಂಥದ್ದು, ತಿರುಗಿಸದೆ ಪೆಟ್ಟಿಗೆ ಈಚೆ ಬರುವುದಿಲ್ಲ, ಬಾಗಿಲು ಮುಚ್ಚಿದ್ದರೆ ಸೀಟು ತಿರುಗುವುದಿಲ್ಲ, ಬಾಗಿಲು ತೆಗೆದರೆ ಮಳೆ ಒಳಗೆ. ಸರಳು ಸಿಕ್ಕಿತು. ತೂತು ಎಲ್ಲಿ? ಮೋಟರ್‌ಹೋಮ್ ಮಾಡಿದವರು ಮೂಲ ಗಾಡಿಯ ಮೇಲೆ ಫೈಬರಿನ ಹೊಸ ಲಂಗ ತೊಡಿಸಿದ್ದರು. ತೂತಿಗೆ ಒಂದು ರಬ್ಬರ್ ಬಿರಡೆ, ಅದರ ಮೇಲೆ ಹದಿಮೂರು ವರ್ಷದ ಕೆಸರು. ಅದೂ ಸಿಕ್ಕಿತು. ತಿರುಗಿಸಿದೆ. ರಾಟೆ ಕಿರ್ರೆಂದು ಕಾಲು ಸುತ್ತು ಬಂದು ಕಚ್ಚಿಕೊಂಡಿತು. ಈ ದೇಶದಲ್ಲಿ ಚಳಿಗಾಲದ ರಸ್ತೆಗೆ ಹಿಮ ಕಟ್ಟದಿರಲೆಂದು ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕುಡಿದು ಕುಡಿದು ರಾಟೆ ಒಂದೇ ಗಟ್ಟಿಯಾಗಿತ್ತು. ಗಂಡ ತಿರುಗಿಸಿದರು. ಇಬ್ಬರೂ ಸೇರಿ ತಿರುಗಿಸಿದೆವು. ಆಮೇಲೆ ನಾನು ಸಹಾಯವಾಣಿಗೆ ಫೋನು ಮಾಡಿದ್ದು, ಆ ಹುಡುಗಿ ನನ್ನನ್ನು ಪೂರ್ವ ಲಂಡನ್ನಿಗೆ ಕಳಿಸಿದ್ದು.

ಸಹಾಯದ ಗಾಡಿ ಬರಲು ಮೂರೂವರೆ ತಾಸು ಹಿಡಿಯಿತು. ಬಂದವನು ಅರವತ್ತರ ಹತ್ತಿರದ, ಕಿವಿಯ ತನಕ ಟೋಪಿ ಎಳೆದುಕೊಂಡ ಮನುಷ್ಯ. ಒದ್ದೆ ನೆಲದ ಮೇಲೆ ರಟ್ಟು ಹಾಸಿ ಮಲಗಿ, ಅಡಿಯಲ್ಲಿ ಟಾರ್ಚು ಬಿಟ್ಟು ನೋಡಿ, ನಗುತ್ತ ಎದ್ದ. “ನಿಮ್ಮ ರಾಟೆ ತಿರುಗಿದ್ದರೂ ನಿಮಗೆ ಚಕ್ರ ಸಿಗ್ತಿರಲಿಲ್ಲ” ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಕೈಯಳತೆ ಹಿಡಿದು ತೋರಿಸಿದ. ಹಿಂದಿನ ಟೈರು ಕೂತಿದ್ದರಿಂದ ಗಾಡಿಯ ಬಾಲವೂ ಕೂತಿತ್ತು. ಬಂಪರಿಗೂ ನೆಲಕ್ಕೂ ಉಳಿದ ಸಂದಿ ಚಕ್ರದ ದಪ್ಪಕ್ಕಿಂತ ಕಡಿಮೆ. ಸ್ಟೆಪ್ನಿ ಹಗ್ಗದಿಂದ ಇಳಿದು ನೆಲ ಮುಟ್ಟುತ್ತಿತ್ತು, ಈಚೆ ಎಳೆಯಲು ದಾರಿಯಿರುತ್ತಿರಲಿಲ್ಲ. ಪಕ್ಕದಿಂದ ಎಳೆಯೋಣವೆಂದರೆ ಒಂದು ಕಡೆ ಬಚ್ಚಲುನೀರಿನ ಟ್ಯಾಂಕು, ಇನ್ನೊಂದು ಕಡೆ ಕೂತ ಚಕ್ರವೇ. ಅಂದರೆ ನಾಲ್ಕೂ ಟೈರು ಸರಿಯಾಗಿದ್ದಾಗ ಮಾತ್ರ ಈಚೆ ಬರುವ ಸ್ಟೆಪ್ನಿ! ಗಾಡಿ ಕಟ್ಟಿದವನು ಇದನ್ನು ಯೋಚಿಸಿರಲಿಲ್ಲ ಅನ್ನಲಾರೆ, ಯೋಚಿಸಿ ಬಿಟ್ಟಿರಬೇಕು.

ಅವನು ತನ್ನ ದೊಡ್ಡ ಜಾಕಿಯಲ್ಲಿ ಬಾಲ ಎತ್ತಿ, ರಾಟೆಗೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ, ಇಪ್ಪತ್ತು ನಿಮಿಷಕ್ಕೆ ಚಕ್ರ ಇಳಿಸಿದ. ಅದನ್ನು ನಿಲ್ಲಿಸಿ ಒರೆಸಿದಾಗ ನನಗೆ ಏನೋ ಆಯಿತು. ಹೊಸ ಟೈರಿನ ಮೈಮೇಲೆ ಎಳೆಕೂದಲಿನಂಥ ರಬ್ಬರ್ ಎಳೆಗಳಿರುತ್ತವಲ್ಲ, ಅವು ಹಾಗೇ ಇದ್ದವು. ಒಂದು ಗಜವೂ ರಸ್ತೆಯ ಮೇಲೆ ಉರುಳದ ಟೈರು. ಆದರೆ ಪಕ್ಕದ ಗೋಡೆಯ ತುಂಬ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಅವನು ಟೈರಿನ ಮೇಲಿನ ಒಂದು ಅಂಡಾಕಾರದ ಗುರುತಿನೊಳಗಿನ ನಾಲ್ಕು ಅಂಕಿ ಓದಿಸಿದ: 1608. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2008ರ ಹದಿನಾರನೆಯ ವಾರದಲ್ಲಿ ಹುಟ್ಟಿದ್ದು. ಗಾಳಿ ನೋಡಿದ. ಹಿಂದಿನ ಚಕ್ರಕ್ಕೆ ಬೇಕಾದ್ದು 5.5 ಬಾರ್, ಅಂದರೆ 80 ಪೌಂಡಿನಷ್ಟು. ಅದರಲ್ಲಿದ್ದದ್ದು ಎರಡು ಬಾರ್. ಸಿಡಿದ ಟೈರೂ ಅದೇ ವರ್ಷದ್ದೇ. ಮಾರುವಾಗ ಯಜಮಾನರು “ಟೈರೆಲ್ಲ ಹೊಸದರ ಹಾಗಿವೆ” ಎಂದದ್ದು ಸುಳ್ಳಲ್ಲ. ಮೋಟರ್‌ಹೋಮುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅವುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತವೆ. ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ದಾಟಿದ ಟೈರು ಹಾಕಬಾರದೆಂದು ಆ ವರ್ಷದ ಫೆಬ್ರವರಿಯಿಂದಷ್ಟೇ ಬ್ರಿಟನ್ನಿನಲ್ಲಿ ಕಾನೂನು ಬಂದಿತ್ತು. ನಮ್ಮಂಥ ಗಾಡಿಗೆ ಅದು ಅನ್ವಯಿಸುವುದಿಲ್ಲ. ರಬ್ಬರಿಗೆ ಅದು ಗೊತ್ತಿಲ್ಲವಲ್ಲ.

ಅವನು ಬೋಲ್ಟು ಬಿಗಿಯುತ್ತಿದ್ದಾಗ, ಮಾತಿಗೆಂದು, ನಾನು ಫೋನಿನಲ್ಲಾದ ಎಡವಟ್ಟು ಹೇಳಿದೆ. ನಮ್ಮ ಕಡೆ ಇದಕ್ಕೆ ಸ್ಟೆಪ್ನಿ ಅಂತಾರೆ ಎಂದೆ. ಅವನು ಪಾನಾ ಬಿಟ್ಟು ಎದ್ದು ನಿಂತ.

“ಯಾವ ಕಡೆ?”

“ಇಂಡಿಯಾದಲ್ಲಿ. ಎಲ್ಲ ಕಡೆ.”

“ಅದು ನಮ್ಮೂರಿನ ಪೇಟೆಬೀದಿ ಕಣಮ್ಮಾ” ಎಂದ. ಅವನ ಮಾತಿನ ಧಾಟಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ಸಿಗುತ್ತಿಲ್ಲ.

ಅವನ ಊರು ಲನೆಲ್ಲಿ. ನಾವು ನಿಂತಲ್ಲಿಂದ ದಕ್ಷಿಣಕ್ಕೆ, ಕಡಲ ಹತ್ತಿರ. ಅಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತೊಂದು ಬೀದಿ. ಆ ಸೀಮೆಯ ಜಮೀನ್ದಾರ ಮನೆತನದ ಹೆಸರು ಅದು. 1904ರಲ್ಲಿ ಆ ಬೀದಿಯ ಥಾಮಸ್ ಮಾರಿಸ್ ಡೇವಿಸ್, ವಾಲ್ಟರ್ ಡೇವಿಸ್ ಎಂಬ ಅಣ್ಣತಮ್ಮಂದಿರು, ಕಬ್ಬಿಣದ ಸಾಮಾನಿನ ಅಂಗಡಿಯವರು, ಒಂದು ಉಪಾಯ ಮಾಡಿದರು. ಆಗಿನ ಕಾರುಗಳಿಗೆ ಹೆಚ್ಚಿನ ಚಕ್ರವೇ ಇರುತ್ತಿರಲಿಲ್ಲ. ಪಂಚರಾದರೆ ಅಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕು, ಕೆಟ್ಟ ರಸ್ತೆಯಲ್ಲಿ ಕುದುರೆಲಾಳದ ಮೊಳೆಗಳ ನಡುವೆ ದಿನಕ್ಕೆಷ್ಟು ಸಲವೋ. ಡೇವಿಸ್ ಸೋದರರು ಮಾಡಿದ್ದು ಅರೆಕಾಲುಗಳಿಲ್ಲದ, ಗುಂಬವಿಲ್ಲದ, ಬರೀ ಬಳೆಯಂಥ ಒಂದು ರಿಮ್ಮು. ಅದರ ಮೇಲೆ ಗಾಳಿ ತುಂಬಿದ ಟೈರು. ಕೂತ ಚಕ್ರವನ್ನು ಬಿಚ್ಚುವುದೇ ಬೇಡ, ಈ ಬಳೆಯನ್ನು ಅದರ ಪಕ್ಕಕ್ಕೆ ಕೊಕ್ಕೆಗಳಿಂದ ಬಿಗಿದು ಮನೆಗೆ ಹೋಗಬಹುದು. ಲಂಡನ್ನಿನ ಟ್ಯಾಕ್ಸಿಗಳಿಗೂ ಅದು ಬಂತು, ಹಡಗು ಹತ್ತಿ ದೇಶದೇಶಗಳಿಗೂ ಹೋಯಿತು. ಪೂರಾ ಚಕ್ರವನ್ನೇ ಬದಲಿಸುವ ಪದ್ಧತಿ ಬಂದ ಮೇಲೆ ಬಳೆ ಮೂಲೆಗೆ ಸೇರಿತು. ಇಂಗ್ಲಿಷರು ಹೆಸರನ್ನೂ ಮರೆತರು. ನಾವು ಮರೆಯಲಿಲ್ಲ. ಬಾಂಗ್ಲಾದವರು, ಮಾಲ್ಟಾದವರು ಮರೆಯಲಿಲ್ಲ. ಬ್ರೆಜಿಲಿನಲ್ಲಿ ಅದು ಎಸ್ತೆಪಿ ಆಗಿ ಕೂತಿದೆ. ಇದೆಲ್ಲ ನಾನು ಆಮೇಲೆ ಹುಡುಕಿ ಓದಿದ್ದು. ಲೇಬೈಯಲ್ಲಿ ಅವನು ಹೇಳಿದ್ದು ಬೀದಿಯ ಹೆಸರು, ಅಣ್ಣತಮ್ಮಂದಿರ ಸುದ್ದಿ, ಅಷ್ಟೆ. ಆದರೆ ತಿಪಟೂರಿನ ಕ್ಲೀನರ್ ಹುಡುಗನ ಬಾಯಲ್ಲಿ ದಿನಾ ಆಡುವ ಮಾತು ತನ್ನೂರಿನದೆಂದು ಅವನಿಗೆ ಆದ ಖುಷಿ ಹೇಳತೀರದು. ಹೋಗುವಾಗ ಮಗಳ ಕೈಗೆ ಒಂದು ಚಾಕಲೇಟು ಕೊಟ್ಟು ಹೋದ.

ಕಾರ್ಮಾರ್ದನ್ ತನಕ ಮೂವತ್ತು ಮೈಲಿ ವೇಗ ಮೀರದೆ ಹೋಗಿ, ಅಲ್ಲಿ ಐದೂ ಟೈರು ಹೊಸದು ಹಾಕಿಸಿದೆವು. ರಜದ ದುಡ್ಡು ಅಲ್ಲಿಗೆ ಸರಿಹೋಯಿತು. ನೋಡಲೆಂದು ಹೊರಟಿದ್ದ ಸೇಂಟ್ ಡೇವಿಡ್ಸಿನ ಕಡಲು ನೋಡದೆ, ನಾವಿರುವ ಸ್ವಿಂಡನ್ನಿಗೆ ವಾಪಸಾದೆವು.

ಮಾರನೆಯ ಸೋಮವಾರ ಡ್ಯೂಟಿ. ಬೆಳಗಿನ ಮೊದಲ ಕೆಲಸ, ವಾರ್ಡಿನ ಕ್ರ್ಯಾಶ್ ಟ್ರಾಲಿ ನೋಡುವುದು. ರೋಗಿಯ ಎದೆಬಡಿತ ನಿಂತರೆ ತಳ್ಳಿಕೊಂಡು ಓಡುವ ಗಾಡಿ ಅದು. ವಾರಗಟ್ಟಲೆ ಯಾರೂ ಮುಟ್ಟದಿರಬಹುದು. ಆದರೂ ದಿನಾ ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಬೇಕು, ಕಫ ಹೀರುವ ಯಂತ್ರ ಹಚ್ಚಿ ಬೆರಳಿಟ್ಟು ಎಳೆತ ನೋಡಬೇಕು, ಗಂಟಲು ನೋಡುವ ದೀಪ ಹತ್ತುತ್ತದೆಯೇ, ಔಷಧಿಗಳ ತಾರೀಖು ಮುಗಿದಿಲ್ಲವಷ್ಟೆ, ಮುದ್ರೆಯ ನಂಬರು ನಿನ್ನೆಯದೇ ಏನು. ನೋಡಿ ರುಜು ಹಾಕಬೇಕು. ಟ್ರಾಲಿಯ ಮುಂದೆ ಆಸ್ಪತ್ರೆಯ ಹಾಸಿಗೆಯನ್ನೋ ಗಾಲಿಕುರ್ಚಿಯನ್ನೋ ಯಾರಾದರೂ ಅಡ್ಡ ನಿಲ್ಲಿಸಿದ್ದರೆ ನಾನು ಕೂಗಾಡುತ್ತೇನೆ. ಹೊಸ ಹುಡುಗಿಯರು ನನಗೆ ಹೆದರುವುದು ಅದಕ್ಕೇ. ಅವತ್ತು ರುಜು ಹಾಕಲು ಪೆನ್ನು ಎತ್ತಿದವಳು ಹಾಗೇ ನಿಂತೆ. ಹದಿನೇಳು ವರ್ಷದಿಂದ ದಿನಾ ಬೆಳಗ್ಗೆ ನಾನು ಮಾಡುತ್ತಿದ್ದದ್ದು ಬೇರೇನಲ್ಲ, ಅಪ್ಪನ ಲಾರಿಯ ಏಳನೆಯ ಸದ್ದು ಕೇಳುವ ಕೆಲಸ. ಮನೆಯ ಮುಂದೆ ನಿಂತ ಸ್ವಂತ ಗಾಡಿಯ ಹೊಟ್ಟೆಯಡಿ ಕಪ್ಪಗೆ ದುಂಡಗೆ ಕಂಡದ್ದಕ್ಕೆ ತೃಪ್ತಿಪಟ್ಟಿದ್ದೆ.

ಅಪ್ಪನಿಗೆ ಈ ವಿಷಯ ಹೇಳಲು ತಿಂಗಳುಗಟ್ಟಲೆ ಧೈರ್ಯ ಬರಲಿಲ್ಲ. ಮುಂದಿನ ಏಪ್ರಿಲಿನಲ್ಲಿ ಮತ್ತೆ ವೇಲ್ಸಿಗೆ ಹೊರಡುವ ಮಾತು ಬಂದಾಗ ವಿಡಿಯೊ ಕಾಲಿನಲ್ಲಿ ಬಾಯಿಬಿಟ್ಟೆ. ಎಪ್ಪತ್ತೆಂಟರ ಅಪ್ಪ ಕೇಳಿದ್ದು ಒಂದೇ ಮಾತು: “ಹೊರಡಾಕ್ ಮುಂಚೆ ಸ್ಟೆಪ್ನಿ ಇಳ್ಸಿ ನೋಡ್ದಾ?” ನಾನು ಸುಮ್ಮನಿದ್ದೆ. “ಫೋನು ಗಾಡಿ ಹತ್ರ ತಗಂಡೋಗವ್ವಾ” ಎಂದರು.

ಹಾಗೆ ಸ್ವಿಂಡನ್ನಿನ ನಮ್ಮ ಮನೆಯಂಗಳದಲ್ಲಿ ಸ್ಟೆಪ್ನಿ ಇಳಿಸುವ ಕಾರ್ಯಕ್ರಮ ನಡೆಯಿತು. ಮಗಳು ಫೋನು ಹಿಡಿದಳು, ಗಂಡ ಗ್ರೀಸು ಹಿಡಿದರು, ಪಾನಾ ನನ್ನ ಕೈಯಲ್ಲಿ. ಅಪ್ಪ ತಿಪಟೂರಿನಿಂದ ಗದರಿಸುತ್ತಿದ್ದರು. ಗಾಡಿ ಸಮ ನೆಲದ ಮೇಲಿದೆಯಾ, ಕೈಬ್ರೇಕು ಹಾಕಿದ್ಯಾ, ಎದುರು ಚಕ್ರಕ್ಕೆ ಕಲ್ಲು ಕೊಟ್ಟಿದ್ಯಾ, ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡ. ಟೈರಂಗಡಿಯಲ್ಲಿ ಗ್ರೀಸು ಹಚ್ಚಿಸಿದ್ದರಿಂದ ರಾಟೆ ಈ ಸಲ ಬೆಣ್ಣೆಯ ಹಾಗೆ ತಿರುಗಿತು. ಚಕ್ರ ಇಳಿಯಿತು. ಅದರ ಗಾಳಿಬಾಯಿ ಮೇಲ್ಮುಖವಾಗಿತ್ತು, ಅಂದರೆ ಇಳಿಸದೆ ಗಾಳಿ ನೋಡುವಂತೆಯೇ ಇಲ್ಲ.

“ಈಗ ಹಿಂದಿನ ಟೈರಿನ ಗಾಳಿ ಬಿಡು” ಎಂದರು ಅಪ್ಪ.

ಗಂಡ ಗಾಬರಿಯಾದರು. ಆದರೆ ಅಪ್ಪನ ಮಾತು ಸರಿಯಿತ್ತು. ಕೂತ ಗಾಡಿಯಿಂದ ಎಳೆಯಲು ಬರುತ್ತದೋ ಇಲ್ಲವೋ ನೋಡಬೇಕಾದದ್ದು ಈಗಲೇ, ಮನೆಯ ಮುಂದೆ. ಬಿಟ್ಟೆವು. ಬಾಲ ಕೂತಿತು. ಚಕ್ರ ಬರಲಿಲ್ಲ. ಕ್ಯಾಂಪಿನಲ್ಲಿ ಗಾಡಿ ಸಮ ಮಾಡಿಕೊಳ್ಳಲು ಚಕ್ರದಡಿ ಕೊಡುವ ಹಳದಿ ಪ್ಲಾಸ್ಟಿಕ್ಕಿನ ಮೆಟ್ಟಿಲುಗಳು ನಮ್ಮಲ್ಲಿದ್ದವು. ಇನ್ನೊಂದು ಹಿಂಚಕ್ರವನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದಾಗ ಆ ಕಡೆ ಸಂದಿ ತೆರೆಯಿತು, ಸ್ಟೆಪ್ನಿ ಓರೆಯಾಗಿ ಈಚೆ ಬಂತು. ತಿಪಟೂರಿನಲ್ಲಿ ಚಪ್ಪಾಳೆ ಕೇಳಿಸಿತು, ಅವ್ವನದು.

ಬೋಲ್ಟು ಬಿಚ್ಚುವುದೇ ನನಗಿದ್ದ ಭಯ. 16 ಇಂಚಿನ ಆ ಚಕ್ರದ ಬೋಲ್ಟುಗಳನ್ನು ಬಿಗಿಯಬೇಕಾದದ್ದು 180 ನ್ಯೂಟನ್ ಮೀಟರಿಗೆ. ಲೆಕ್ಕ ಹಾಕಿದರೆ ಅಂಥ ಭಯಂಕರವೇನಲ್ಲ. ಅರ್ಧ ಮೀಟರ್ ಉದ್ದದ ಪಾನಾದ ತುದಿಗೆ ಮೂವತ್ತೇಳು ಕೆಜಿ ಭಾರ ಬಿದ್ದರೆ ಸಾಕು. ನನ್ನ ತೂಕ ಐವತ್ತನಾಲ್ಕು. ಗಾಡಿಯ ಜೊತೆ ಬಂದ ಚೋಟುದ್ದದ ಪಾನಾ ಎಸೆದು ಉದ್ದನೆಯದು ತಂದಿದ್ದೆ. ಪ್ರಜ್ಞೆಯಿಲ್ಲದ ತೊಂಬತ್ತು ಕೆಜಿಯ ರೋಗಿಯನ್ನು ಮಗ್ಗುಲಾಗಿಸುವವಳಿಗೆ ತೋಳಿನಿಂದಲ್ಲ, ಮೈಭಾರದಿಂದ ಕೆಲಸ ಮಾಡುವುದು ಗೊತ್ತಿರುತ್ತದೆ. ಚಕ್ರ ಇನ್ನೂ ನೆಲದ ಮೇಲಿದ್ದಾಗಲೇ ಪಾನಾ ಸಿಕ್ಕಿಸಿ ಮೇಲೆ ಹತ್ತಿ ನಿಂತೆ. ಬೋಲ್ಟು ‘ಕಟಕ್’ ಎಂದು ಬಿಟ್ಟಿತು. ನಲವತ್ತು ವರ್ಷ ಟಾರ್ಚು ಹಿಡಿದ ಕೈಗೆ ಆ ಸದ್ದು ಎಂಥದೆಂದು ತಮ್ಮನಿಗೆ ಹೇಳಿ ಪ್ರಯೋಜನವಿಲ್ಲ.

ಗಂಡನದು ಇನ್ನೊಂದು ತಕರಾರಿತ್ತು. ನಮ್ಮಿಬ್ಬರ ಲೈಸೆನ್ಸಿನಲ್ಲಿ 3,500 ಕೆಜಿ ಮೀರಿದ ಇಂಥ ಗಾಡಿ ಓಡಿಸುವಂತಿಲ್ಲ. 1997ಕ್ಕೆ ಮೊದಲು ಇಲ್ಲಿ ಪರೀಕ್ಷೆ ಪಾಸಾದವರಿಗೆ 7,500ರ ತನಕ ಅವಕಾಶ, ಆಮೇಲೆ ಬಂದವರಿಗೆ ಇಲ್ಲ. ಸ್ಟೆಪ್ನಿ ಮೂವತ್ತು ಕೆಜಿ. ಅದನ್ನು ಮನೆಯಲ್ಲೇ ಬಿಟ್ಟರೆ ಅಷ್ಟು ಸಾಮಾನು ಹೆಚ್ಚಿಗೆ ಹಾಕಬಹುದಲ್ಲ, ಈಗ ಬರುವ ಎಷ್ಟೋ ಗಾಡಿಗಳಿಗೆ ಸ್ಟೆಪ್ನಿಯೇ ಇರುವುದಿಲ್ಲವಲ್ಲ ಎಂದರು. ಅದೂ ನಿಜ. ಈ ದೇಶದ ಕಾನೂನು ಸ್ಟೆಪ್ನಿ ಕೇಳುವುದಿಲ್ಲ. ನಾನು ಅವರ ಗ್ರೈಂಡರನ್ನೂ ಅಕ್ಕಿಮೂಟೆಯನ್ನೂ ಕೆಳಗಿಳಿಸಿದೆ. ಮಾತು ಅಲ್ಲಿಗೆ ನಿಂತಿತು. ಸರಳು, ಪಾನಾ, ಜಾಕಿ, ಜಾಕಿಯಡಿ ಹಾಕಲು ಒಂದು ಹಲಗೆ, ಎಲ್ಲ ಸೀಟಿನಡಿಯಿಂದ ಬಾಗಿಲ ಪಕ್ಕದ ಖಾನೆಗೆ ಬಂದವು.

ಎಲ್ಲ ಮುಗಿದು ಚಕ್ರ ಮೇಲೇರಿದ ಮೇಲೆ ಅಪ್ಪ ಫೋನಿಡುವವರು ತಡೆದು, “ಬೀಗ ಗೀಗ ಹಾಕವ್ವಾ, ಕಳ್ರು ಎಲ್ಲಾ ದೇಶದಾಗೂ ಇರ್ತಾರೆ” ಎಂದರು.

“ಹಾಕ್ತೀನಪ್ಪಾ. ಕೀ ಎಲ್ಲಿಡಲಿ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ನಗುವುದು ಕೇಳಿಸಿತು.

ಮೇ ತಿಂಗಳಿನಲ್ಲಿ ಸೇಂಟ್ ಡೇವಿಡ್ಸಿಗೆ ಹೊರಟೆವು. ಈ ಸಲ ಎಂ-4 ಹಿಡಿದು, ಸೆವರ್ನ್ ಸೇತುವೆ ದಾಟಿ, 48ನೇ ಜಂಕ್ಷನ್ನಿನಲ್ಲಿ ಎಡಕ್ಕೆ ಇಳಿದೆ. “ಎಲ್ಲಿಗೆ?” ಎಂದರು ಗಂಡ. ಲನೆಲ್ಲಿಗೆ. ಹಿಂದಿನ ರಾತ್ರಿ ಅಪ್ಪನಿಗೆ ಊರಿನ ಹೆಸರು ಹೇಳಿದಾಗ, “ಲನೇಹಳ್ಳಿನಾ? ನಮ್ಮ ಕೋನೇಹಳ್ಳಿ ಇದ್ದಂಗೆ” ಎಂದಿದ್ದರು. ವೇಲ್ಸಿನವರು ಆ ಹೆಸರನ್ನು ನಾಲಗೆಯ ಪಕ್ಕದಿಂದ ಗಾಳಿ ಬಿಟ್ಟು ಹೇಳುತ್ತಾರೆ, ನಮ್ಮ ಕಿವಿಗೆ ನಿಜಕ್ಕೂ ಯಾವುದೋ ಹಳ್ಳಿಯ ಹಾಗೇ ಕೇಳುತ್ತದೆ. ತಗಡಿನ ಕಾರ್ಖಾನೆಗಳಿಂದ ಒಂದು ಕಾಲಕ್ಕೆ ಟಿನೊಪೊಲಿಸ್ ಎಂದು ಹೆಸರು ಮಾಡಿದ ಊರು. ಈಗ ಸುಮ್ಮನೆ ಇದೆ. ಸ್ಟೆಪ್ನಿ ಸ್ಟ್ರೀಟ್ ಒಂದು ಅಂಗಡಿಬೀದಿ. ಕೆಲವು ಅಂಗಡಿಗಳ ಶಟರು ಎಳೆದಿತ್ತು. ಬೀದಿಯ ಹೆಸರಿನ ಫಲಕದ ಕೆಳಗೆ ನಿಂತು ಮಗಳ ಕೈಯಲ್ಲಿ ಫೋಟೊ ತೆಗೆಸಿಕೊಂಡು ಅಪ್ಪನಿಗೆ ಕಳಿಸಿದೆ.

ಗಾಡಿ ನಿಲ್ಲಿಸಿದ ಜಾಗಕ್ಕೆ ವಾಪಸು ಬರುವಷ್ಟರಲ್ಲಿ ಅಪ್ಪನ ದನಿ ಸಂದೇಶ ಬಂದಿತ್ತು. “ಬೋರ್ಡು ನೋಡ್ದೆ ಕಣವ್ವಾ. ಚೆಂದೈತೆ. ಬೆಳಿಗ್ಗೆ ಸ್ಟೆಪ್ನಿ ಗಾಳಿ ನೋಡ್ದಾ?”

ನೋಡಿರಲಿಲ್ಲ. ಮೂರು ವಾರದ ಹಿಂದೆ ನೋಡಿದ್ದು. ಗಂಡ ಬೇಡವೆಂದರು, ಮಗಳು ಹಸಿವೆಯೆಂದಳು. ರಟ್ಟು ಹಾಸಿ, ಬಿರಡೆ ತೆಗೆದು, ಸರಳು ತೂರಿಸಿ ಚಕ್ರ ಅರ್ಧ ಇಳಿಸಿದೆ. ಗಾಳಿಬಾಯಿಗೆ ಗೇಜು ಒತ್ತಿ ಅಂಕಿ ಓದುತ್ತಿರುವಾಗ, ನಾಯಿ ಹಿಡಿದ ಅಜ್ಜನೊಬ್ಬನ ಬೂಟು ನನ್ನ ತಲೆಯ ಪಕ್ಕ ಬಂದು ನಿಂತಿತು.

“ಏನಾದರೂ ಹುಡುಕ್ತಿದ್ದೀಯೇನಮ್ಮಾ?”

“ಸ್ಟೆಪ್ನಿ” ಎಂದೆ ಅಡಿಯಿಂದಲೇ.

“ಓ, ಅದಾ” ಎಂದು ಅವನು ಕೈಕೋಲು ಎತ್ತಿ ತೋರಿಸಿದ. “ಇಲ್ಲಿಂದ ನೇರ ಹೋಗಿ ಬಲಕ್ಕೆ ತಿರುಗು. ಎರಡು ನಿಮಿಷ.”